ತೆರೆದ ವೈನ್ ಬಾಟಲಿ ಒಂದು ವಾರ ಬಾಳುತ್ತದೆ, ಮಾಡಿ ನೋಡಿದ್ದೇನೆ

ಮನೆಯಲ್ಲಿ ವೈನ್ ಕುಡಿಯುವವನು ನಾನೊಬ್ಬನೇ. ಸಂಜೆಗೆ ಒಂದು ಗ್ಲಾಸ್, ಜಾಸ್ತಿ ಅಂದರೆ ಒಂದೂವರೆ. ಬಾಟಲಿ ಮಾತ್ರ 750 ಮಿ.ಲೀ., ಅಂದರೆ ಐದು ಗ್ಲಾಸ್. ಈ ಲೆಕ್ಕ ಎಂದೂ ಕೂಡುತ್ತಿರಲಿಲ್ಲ. ನನ್ನ ಅಂದಾಜಿನಲ್ಲಿ ಕೊಂಡದ್ದರಲ್ಲಿ ಮೂರನೇ ಒಂದು ಪಾಲು ಸಿಂಕಿಗೆ ಹೋಗುತ್ತಿತ್ತು. ಮೂರು ಬಾಟಲಿಗೆ ದುಡ್ಡು ಕೊಟ್ಟು ಎರಡು ಕುಡಿದ ಹಾಗೆ. ತೆರೆದ ಕೂಡಲೇ ಅರ್ಧವನ್ನು ಪುಟ್ಟ ಬಾಟಲಿಗೆ ಇಳಿಸಿಡಲು ಶುರುಮಾಡಿದ ಮೇಲೆ ಅದು ಹೆಚ್ಚುಕಮ್ಮಿ ನಿಂತೇ ಹೋಗಿದೆ. ‘ತೆರೆದ ಮೇಲೆ ಮುಗೀತು, ನಾಳೆಗೆ ಅದು ಅಡುಗೆಗಷ್ಟೇ’ ಎಂದು ನಗುತ್ತಿದ್ದ ಗೆಳೆಯರೇ ಈಗ ಖಾಲಿ ಪುಟ್ಟ ಬಾಟಲಿ ಇದ್ದರೆ ಕೊಡು ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ತೆರೆದ ವೈನನ್ನು ಕೆಡಿಸುವುದು ಗಾಳಿ. ಅದನ್ನು ತಡೆಯಲು ಹೋಗಿ ಮೊದಲು ಕೈಕೊಟ್ಟವುಗಳ ಕಥೆ. ಬಾಟಲಿಯ ಗಾಳಿ ಎಳೆಯುವ ಪಂಪು ವೈನ್ ಕುಡಿಯುವ ಎಷ್ಟೋ ಜನರ ಮನೆಯಲ್ಲಿ ಒಂದಿರುತ್ತದೆ, ಅಲ್ವಾ? ಅದು ಗಾಳಿಯ ಜೊತೆ ಘಮವನ್ನೂ ಎಳೆದುಕೊಂಡು ಹೋಗುತ್ತದೆ. ಬೆಳಗ್ಗೆ ನೋಡಿದರೆ ರಬ್ಬರ್ ಬಿರಡೆ ಸಡಿಲ. ಆಮೇಲೆ ಗಾಳಿ ತಾಗದಂತೆ ವೈನಿನ ಮೇಲೆ ಹರಡುವ ಆರ್ಗಾನ್ ಅನಿಲದ ಸ್ಪ್ರೇ ತಂದೆ. ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಡಬ್ಬಿ ತುಂಬಿದ್ದರೂ ಹಗುರ, ಖಾಲಿಯಾದರೂ ಹಗುರ, ಎಷ್ಟು ಉಳಿದಿದೆ ಎಂದು ಅಲ್ಲಾಡಿಸಿ ನೋಡಿದರೂ ತಿಳಿಯುವುದಿಲ್ಲ, ಒಳ್ಳೆಯ ಬಾಟಲಿ ತೆರೆದ ದಿನವೇ ಅದು ಬುಸ್ ಎಂದು ಸುಮ್ಮನಾಗುತ್ತದೆ. ಕಾರ್ಕಿಗೆ ಸೂಜಿ ಚುಚ್ಚಿ ವೈನ್ ತೆಗೆದು ಆ ಜಾಗಕ್ಕೆ ಗ್ಯಾಸ್ ತುಂಬುವ ಕೊರಾವಿನ್ ಬಗ್ಗೆ ನನ್ನದೇನೂ ತಕರಾರಿಲ್ಲ, ನಿಜಕ್ಕೂ ಜಾಣ ಯಂತ್ರ. ಆದರೆ ಅದರ ಬೆಲೆಗೆ ನಾನು ಕುಡಿಯುವ ಮಟ್ಟದ ವೈನ್ ಒಂದು ಪೆಟ್ಟಿಗೆಯೇ ಬರುತ್ತದೆ. ಮೇಲೆ ಗ್ಯಾಸಿನ ಖರ್ಚು ನಿಲ್ಲುವುದೇ ಇಲ್ಲ. ಗುಳ್ಳೆ ಉಳಿಯಲಿ ಎಂದು ಸ್ಪಾರ್ಕ್ಲಿಂಗ್ ವೈನ್ ಬಾಟಲಿಯ ಕತ್ತಿಗೆ ಚಮಚ ಸಿಕ್ಕಿಸುವುದಂತೂ ಸುಮ್ನೆ ಕಾಲಹರಣ.

ನಾನು ಮಾಡುವುದು ಇಷ್ಟೇ. 375 ಮಿ.ಲೀ. ಅರ್ಧ ಬಾಟಲಿ, ತಿರುಪು ಮುಚ್ಚಳದ್ದು. ಕಾರ್ಕಿಗಿಂತ ಅದೇ ವಾಸಿ. ದೊಡ್ಡ ಬಾಟಲಿ ತೆರೆದ ಕೂಡಲೇ, ಮೊದಲ ಗ್ಲಾಸಿಗೆ ಬಗ್ಗಿಸುವ ಮುಂಚೆಯೇ, ಅರ್ಧವನ್ನು ಇದಕ್ಕೆ ಇಳಿಸಬೇಕು. ಮುಂಚೆಯೇ ಅನ್ನುವುದು ಮುಖ್ಯ. ಊಟ ಮುಗಿಸಿ ಉಳಿದದ್ದನ್ನು ತುಂಬಿಸಿದರೆ ಅಷ್ಟರಲ್ಲಿ ಗಾಳಿ ತನ್ನ ಕೆಲಸ ಶುರುಮಾಡಿರುತ್ತದೆ. ಆಲಿಕೆಯ ಮೂತಿ ಬಾಟಲಿಯ ಗೋಡೆಗೆ ತಾಗಿರಲಿ, ವೈನ್ ಗೋಡೆಗುಂಟ ಜಾರಿ ಇಳಿಯಲಿ, ಗುಳ್ಳೆ ಏಳಬಾರದು. ಕಂಠದವರೆಗೆ ಅಲ್ಲ, ಬಾಯಿಯವರೆಗೆ. ಮುಚ್ಚಳ ತಿರುಗಿಸುವಾಗ ಒಂದು ಹನಿ ಹೊರಗೆ ಉಕ್ಕಿ ಬೆರಳಿಗೆ ತಾಗಿದರೆ ಸರಿಯಾಗಿ ತುಂಬಿದೆ ಎಂದು ಅರ್ಥ. ಆಮೇಲೆ ನೇರ ಫ್ರಿಜ್ಜಿಗೆ, ರೆಡ್ ಆದರೂ ಫ್ರಿಜ್ಜಿಗೇ. ದೊಡ್ಡ ಬಾಟಲಿಯಲ್ಲಿ ಉಳಿದ ಎರಡೂವರೆ ಗ್ಲಾಸ್ ಇವತ್ತು ನಾಳೆಗೆ ಆಯಿತು. ಪುಟ್ಟದ್ದನ್ನು ನಾಲ್ಕನೇ ದಿನವೋ ಆರನೇ ದಿನವೋ ತೆಗೆಯುತ್ತೇನೆ.

ಪುಟ್ಟ ಬಾಟಲಿಯನ್ನು ಏನು ಹಾಕಿ ತೊಳೆಯುತ್ತೇನೆ ಎಂದು ಗೆಳೆಯರಿಗೂ ಹೇಳಿಲ್ಲ. ಸೋಪು ಅಲ್ಲ, ಅಷ್ಟು ತಿಳಿದರೆ ಸಾಕು.

ಎಲ್ಲ ವೈನೂ ಒಂದೇ ಥರ ತಾಳುವುದಿಲ್ಲ. ವೈಟ್ ವೈನಾದ ರೀಸ್ಲಿಂಗ್ ಎಳೆಯದಾದರೆ ಹತ್ತು ದಿನವೂ ಗಟ್ಟಿಯಾಗಿ ನಿಂತದ್ದಿದೆ. ರೆಡ್ ವೈನುಗಳಲ್ಲಿ ಒಗರು ಜಾಸ್ತಿ ಇರುವ ಕಬರ್ನೆ ಸೊವಿನ್ಯೋಂ ವಾರ ಬರುತ್ತದೆ. ಪೀನೋ ನ್ವಾರ್ ಮೂರು ನಾಲ್ಕು ದಿನಕ್ಕೇ ಸೊರಗುತ್ತದೆ. ಹತ್ತು ಹದಿನೈದು ವರ್ಷ ಹಳೆಯ ರೆಡ್ ಇದ್ದರೆ ಈ ಸಾಹಸ ಬೇಡ, ನಾಲ್ಕು ಜನರನ್ನು ಕರೆದು ಅವತ್ತೇ ಮುಗಿಸಿ. ಪೋರ್ಚುಗಲ್ಲಿನ ಮದೀರಾ ವೈನಿಗೆ ಇದೆಲ್ಲ ಬೇಕಾಗಿಯೇ ಇಲ್ಲ. ತಯಾರಿಯಲ್ಲೇ ಬಿಸಿಯನ್ನೂ ಗಾಳಿಯನ್ನೂ ಉಂಡು ಬಂದದ್ದು ಅದು, ತೆರೆದ ಮೇಲೂ ತಿಂಗಳುಗಟ್ಟಲೆ ಹಾಗೇ ಇರುತ್ತದೆ.

ನಂಬದ ಗೆಳೆಯರಿಗೆ ತ್ರಿಕೋನ ಪರೀಕ್ಷೆ ಇಟ್ಟೆ. ಮೂರು ಗ್ಲಾಸ್. ಎರಡರಲ್ಲಿ ಆಗಷ್ಟೇ ತೆರೆದ ವೈನ್, ಒಂದರಲ್ಲಿ ಐದು ದಿನ ಪುಟ್ಟ ಬಾಟಲಿಯಲ್ಲಿದ್ದ ಅದೇ ವೈನ್. ಬೇರೆ ಯಾವುದು ತೋರಿಸಿ ಅಂದೆ. ಐದಾರು ಜನರಲ್ಲಿ ಇಬ್ಬರು ಸರಿ ಹೇಳಿದರು. ಕಣ್ಣು ಮುಚ್ಚಿ ಬೆರಳಿಟ್ಟರೂ ಅಷ್ಟೇ ಬರುತ್ತಿತ್ತು! ಎಲ್ಲರಿಗಿಂತ ಜಾಸ್ತಿ ನಕ್ಕಿದ್ದವನು ಹೊಸದಾಗಿ ತೆರೆದ ಗ್ಲಾಸನ್ನೇ ಎತ್ತಿ ‘ಇದು ಸುಸ್ತಾಗಿದೆ’ ಎಂದು ಐದು ನಿಮಿಷ ವಿವರಣೆ ಕೊಟ್ಟ. ಅವನನ್ನು ದೂರುವುದಿಲ್ಲ. ಮನಸ್ಸು ಅಂದುಕೊಂಡದ್ದೇ ಮೂಗಿಗೂ ಬರುತ್ತದೆ. 2001ರಲ್ಲಿ ಪ್ರಕಟವಾದ, ಫ್ರಾನ್ಸಿನ ಬೋರ್ಡೋದಲ್ಲಿ ನಡೆದ ಒಂದು ಪ್ರಯೋಗ ನಿಮಗೂ ಗೊತ್ತಿರಬಹುದು. ವೈಟ್ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ 54 ಜನರಿಗೆ ಕೊಟ್ಟಾಗ ಅವರು ರೆಡ್ ವೈನಿಗೆ ಬಳಸುವ ಮಾತುಗಳಲ್ಲೇ ಅದರ ಘಮ ವರ್ಣಿಸಿದ್ದರು.

ಇದರ ಜೊತೆಗೇ ಸಣ್ಣಪುಟ್ಟ ಪ್ರಯೋಗಗಳೂ ನಡೆದವು. ಕಡ್ಡಿ ಗೀರಿದ ವಾಸನೆ, ಕೊಳೆತ ಮೊಟ್ಟೆ ವಾಸನೆ ಬರುವ ವೈನಿಗೆ ಚೆನ್ನಾಗಿ ಉಜ್ಜಿದ ತಾಮ್ರದ ತುಂಡು ಹಾಕಿ ಒಂದೆರಡು ನಿಮಿಷ ಆಡಿಸಿದರೆ ವಾಸನೆ ಹೋಗುತ್ತದೆ. ಗಂಧಕದ ಸಂಯುಕ್ತವನ್ನು ತಾಮ್ರ ಹಿಡಿದುಕೊಳ್ಳುತ್ತದೆ. ಕಾರ್ಕಿನಿಂದ ಮುಗ್ಗಲು ಹಿಡಿದ ವೈನಿಗೆ ಪ್ಲಾಸ್ಟಿಕ್ ಹಾಳೆ ಮುದುಡಿ ಹಾಕಿಯೂ ನೋಡಿದೆ. ಮುಗ್ಗಲು ವಾಸನೆ ಕಮ್ಮಿಯಾಯಿತು, ಹಣ್ಣಿನ ರುಚಿಯೂ ಜೊತೆಗೇ ಹೋಯಿತು. ಅದಕ್ಕಿಂತ ಬಾಟಲಿ ವಾಪಸ್ ಕೊಡುವುದೇ ಮೇಲು.

ಈ ಗಾಳಿಯ ಲೆಕ್ಕ ತಲೆಗೆ ಹತ್ತಿದ ಮೇಲೆ ರೆಸ್ಟೋರೆಂಟಿನಲ್ಲೂ ಅದೇ ಕಣ್ಣು. ಗ್ಲಾಸ್ ಲೆಕ್ಕದಲ್ಲಿ ಕೊಡುವ ವೈನ್ ಯಾವಾಗ ತೆರೆದದ್ದು ಎಂದು ಕೇಳದೆ ಆರ್ಡರ್ ಮಾಡುವುದಿಲ್ಲ. ಎಷ್ಟೋ ಕಡೆ ಮೊದಲ ಗ್ಲಾಸಿಗೇ ಬಾಟಲಿಯ ಅಸಲು ಹುಟ್ಟಿಬಿಡುತ್ತದೆ. ಹಾಗಾಗಿ ಉಳಿದದ್ದು ಕೌಂಟರ್ ಮೇಲೆ ಮೂರು ದಿನ ಕೂತರೂ ಅವರಿಗೆ ಅವಸರವಿಲ್ಲ. ಒಂದು ಕಡೆ ಸುಸ್ತಾದ ರೆಡ್ ತಂದಿಟ್ಟು ‘ಈ ವೈನ್ ಇರೋದೇ ಹೀಗೆ’ ಅಂದರು. ಹೊಸ ಬಾಟಲಿ ತೆರೆಸಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಮೂಸಿ ನೋಡಿ ಅಂದೆ. ಬಿಲ್ಲಿನಲ್ಲಿ ಆ ಗ್ಲಾಸ್ ಬರಲಿಲ್ಲ. ರೆಡ್ ಬೆಚ್ಚಗಿದ್ದರೆ ನಾಚಿಕೆ ಬಿಟ್ಟು ಐಸ್ ಬಕೆಟ್ ಕೇಳಿ, ಐಸಿನ ಜೊತೆ ನೀರೂ ಇರಲಿ, ಹತ್ತು ನಿಮಿಷ ಸಾಕು. ಇಡೀ ಬಾಟಲಿ ತೆಗೆದುಕೊಂಡ ದಿನ, ಉಳಿದದ್ದನ್ನು ಒಯ್ಯಲು ನಿಯಮ ಬಿಡುವ ಕಡೆ, ನನ್ನ ಬ್ಯಾಗಿನಿಂದ ಪುಟ್ಟ ಬಾಟಲಿ ಹೊರಬರುತ್ತದೆ. ನೋಡುವವರು ನೋಡಲಿ.

ದುಡ್ಡು ಉಳಿಸಿದ್ದರಲ್ಲಿ ಓದಿನ ಪಾಲೂ ಕಮ್ಮಿಯಲ್ಲ. ವಿಮರ್ಶಕರು ವೈನಿಗೆ ಕೊಡುವ ಅಂಕಗಳ ಪಟ್ಟಿ ಓದುವುದನ್ನು ಬಿಟ್ಟು ವೈನ್ ತಯಾರಿಯ ನಿಯಮ ಓದಲು ಶುರುಮಾಡಿದೆ. ಇಟಲಿಯ ರೆಡ್ ವೈನ್ ಬರೋಲೊ ಮಾರಾಟಕ್ಕೆ ಮುಂಚೆ 38 ತಿಂಗಳು ಕಾಯಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಆ ಕಾಯುವಿಕೆಗೂ ಹೆಸರಿಗೂ ಸೇರಿಸಿ ದುಡ್ಡು ಕೊಡುತ್ತೇವೆ. ಅದೇ ನೆಬ್ಬಿಯೋಲೊ ದ್ರಾಕ್ಷಿಯಿಂದ ಮಾಡಿದ ಲಾಂಗೆ ಎಂಬ ವೈನ್ ಅರ್ಧಕ್ಕೂ ಕಮ್ಮಿಗೆ ಸಿಗುತ್ತದೆ, ವಾರದ ದಿನಕ್ಕೆ ಧಾರಾಳ ಸಾಕು. ಸ್ಪೇನಿನ ರಿಯೋಹಾ ರೆಡ್‌ನಲ್ಲಿ ರಿಸರ್ವಾ ಅಂದರೆ ಮೂರು ವರ್ಷ, ಗ್ರಾನ್ ರಿಸರ್ವಾ ಅಂದರೆ ಐದು ವರ್ಷ ಅವರೇ ಇಟ್ಟು ಕಾದಿರುತ್ತಾರೆ. ಜರ್ಮನ್ ರೀಸ್ಲಿಂಗ್ ಲೇಬಲ್ ಮೇಲೆ ಆಲ್ಕೋಹಾಲ್ 8 ಶೇಕಡಾ ಅಂತಿದ್ದರೆ ಸಿಹಿ ಉಳಿದಿದೆ, 12 ಅಂತಿದ್ದರೆ ಬಹುಪಾಲು ಡ್ರೈ, ಅಂದರೆ ಸಿಹಿಯಿಲ್ಲದ್ದು. ಅಂಗಡಿಯಲ್ಲಿ ಯಾರನ್ನೂ ಕೇಳುವ ಅಗತ್ಯವಿಲ್ಲ.

ಈಚೆಗೆ 187 ಮಿ.ಲೀ. ಪುಟಾಣಿ ಬಾಟಲಿಗಳಲ್ಲೂ ತುಂಬಿಸಿ ನೋಡಿದೆ, ಒಂದು ದೊಡ್ಡ ಬಾಟಲಿಯಿಂದ ನಾಲ್ಕು. ಫಲಿತಾಂಶ ಅಷ್ಟಕ್ಕಷ್ಟೇ. ನಾಲ್ಕು ಸಲ ಬಗ್ಗಿಸುವಾಗಲೇ ಗಾಳಿ ಜಾಸ್ತಿ ಸೇರುತ್ತದೆ, ತೊಳೆಯುವ ಕೆಲಸ ಬೇರೆ. ನಾನು 375ಕ್ಕೇ ವಾಪಸ್ ಬಂದಿದ್ದೇನೆ.