ಮ್ಯಾನುಯೆಲ್ ಆಂಟೋನಿಯೋ ಕಾಡಿನಲ್ಲಿ ನಾವು ಸ್ಲಾತ್ ನೋಡಿದ್ದು ಹೀಗೆ

ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ ಸ್ಲಾತ್ (ಮರದ ಕೊಂಬೆಗೆ ನೇತಾಡಿಕೊಂಡೇ ಬದುಕುವ, ತುಂಬಾ ನಿಧಾನದ ಪ್ರಾಣಿ; ಇಂಗ್ಲಿಷ್‌ನಲ್ಲಿ ಆ ಹೆಸರಿನ ಅರ್ಥವೇ ಸೋಮಾರಿತನ) ನೋಡೋಕೆ ಗೈಡ್ ಬೇಕಾ ಅಂತ ಯಾರು ಕೇಳಿದರೂ ನನ್ನ ಉತ್ತರ ಒಂದೇ: ಬೇಕು. ದುಡ್ಡು ಉಳಿಸಲೇಬೇಕು ಅಂದ್ರೆ ಹೋಟೆಲ್‌ನಲ್ಲಿ ಉಳಿಸಿ.

ಓಡದ ಪ್ರಾಣಿಯನ್ನು ಹುಡುಕುವುದು ಓಡುವ ಪ್ರಾಣಿಯನ್ನು ಹುಡುಕುವುದಕ್ಕಿಂತ ಕಷ್ಟ. ನಾಗರಹೊಳೆಯಲ್ಲಿ ಜಿಂಕೆಯೋ ಮುಸುವವೋ ಗಾಬರಿಯಿಂದ ಕೂಗಿದರೆ ಹುಲಿ ಹತ್ತಿರದಲ್ಲೆಲ್ಲೋ ಇದೆ ಅಂತ ಗೊತ್ತಾಗುತ್ತದೆ. ಸ್ಲಾತ್ ವಿಷಯದಲ್ಲಿ ಅಂಥ ಯಾವ ಸುಳಿವೂ ಇಲ್ಲ. ಕೊಂಬೆ ಅಲ್ಲಾಡುವುದಿಲ್ಲ, ಸದ್ದಿಲ್ಲ. ನೀವು ಅದರ ಕೆಳಗೇ ನಿಂತು ನೀರು ಕುಡಿದು ಮುಂದೆ ಹೋಗಿಬಿಟ್ಟಿರುತ್ತೀರಿ.

ನಾವು ಡಲ್ಲಾಸ್‌ನಲ್ಲಿರುವುದರಿಂದ ಕೋಸ್ಟರಿಕಾ ದೂರವೇನಲ್ಲ. ಊರಿನಿಂದ ಅಮ್ಮ ಬಂದಿದ್ದರು. ಅವರಿಗೆ ಮಂಡಿ ನೋವು, ಮಗಳಿಗೆ ಪ್ರಾಣಿಗಳ ಹುಚ್ಚು. ಇಬ್ಬರಿಗೂ ಹೊಂದುವ ಕಾಡು ಹುಡುಕಿದಾಗ ಸಿಕ್ಕಿದ್ದು ಪೆಸಿಫಿಕ್ ತೀರದ ಮ್ಯಾನುಯೆಲ್ ಆಂಟೋನಿಯೋ ರಾಷ್ಟ್ರೀಯ ಉದ್ಯಾನ. 1972ರಲ್ಲಿ ಆದದ್ದು, ಆ ದೇಶದ ತುಂಬಾ ಚಿಕ್ಕ ಉದ್ಯಾನಗಳಲ್ಲಿ ಒಂದು. ಆದರೆ ಮಳೆಕಾಡು, ಬೆಟ್ಟ, ಬೀಚು ಮೂರೂ ಒಟ್ಟಿಗೇ ಇವೆ. ಮುಖ್ಯ ದಾರಿ ಅಗಲ, ಸಮತಟ್ಟು. ಪಕ್ಕದಲ್ಲಿ ಹಲಗೆ ಹಾಸಿದ ಕಾಲುದಾರಿಯೂ ಇದೆ, ಗಾಲಿಕುರ್ಚಿಯೂ ಹೋಗುತ್ತದೆ. ಅಮ್ಮ ಆರಾಮಾಗಿ ನಡೆದರು.

ಟಿಕೆಟ್ ಗೇಟಿನಲ್ಲಿ ಸಿಗುವುದಿಲ್ಲ. ಮೊದಲೇ ಆನ್‌ಲೈನ್‌ನಲ್ಲಿ, ಪಾಸ್‌ಪೋರ್ಟ್ ನಂಬರ್ ಕೊಟ್ಟು, ಹೊತ್ತು ಆರಿಸಿಕೊಂಡು ತಗೋಬೇಕು. ಮಂಗಳವಾರ ರಜೆ, ಹೋಟೆಲ್ ಬುಕ್ ಮಾಡುವಾಗ ಇದನ್ನು ನೋಡಿಕೊಳ್ಳಿ. ಇನ್ನು ಗೇಟಿಗೆ ಹೋಗುವ ರಸ್ತೆಯಲ್ಲಿ ಕೆಲವರು ಯೂನಿಫಾರ್ಮ್ ಥರದ ಅಂಗಿ ಹಾಕಿಕೊಂಡು ಕಾರಿಗೆ ಅಡ್ಡ ಕೈ ಮಾಡುತ್ತಾರೆ. "ಪಾರ್ಕಿಂಗ್ ಇಲ್ಲೇ, ಗೈಡ್ ಬೇಕಾ?" ಅಂತಾರೆ. ನಿಲ್ಲಿಸಬೇಡಿ. ಪ್ರವಾಸೋದ್ಯಮ ಸಂಸ್ಥೆ ಕೊಟ್ಟ ಗುರುತಿನ ಚೀಟಿ ಇರುವ ಗೈಡನ್ನೇ ಮೊದಲೇ ಗೊತ್ತು ಮಾಡಿಕೊಂಡಿರಿ. ನಮ್ಮವನು ಅದನ್ನು ಕೊರಳಲ್ಲೇ ನೇತುಹಾಕಿಕೊಂಡಿದ್ದ.

ಬೆಳಗ್ಗೆ 7ಕ್ಕೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಬೇಕು. ಜನ ಕಮ್ಮಿ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಸ್ಲಾತ್‌ನ ಮೈಯಲ್ಲೇ ಇದೆ. ನಮ್ಮ ಹಾಗೆ ಮೈಬಿಸಿಯನ್ನು ಒಂದೇ ಸಮ ಇಟ್ಟುಕೊಳ್ಳಲು ಅದಕ್ಕೆ ಆಗುವುದಿಲ್ಲ. ತಿನ್ನುವುದು ಎಲೆ. ಆ ಎಲೆ ಹೊಟ್ಟೆಯಲ್ಲಿ ಕರಗಲು ದಿನಗಳಲ್ಲ, ವಾರಗಳೇ ಬೇಕಾಗಬಹುದು. ಅಷ್ಟು ನಿಧಾನಕ್ಕೆ ಬರುವ ಶಕ್ತಿಯಲ್ಲಿ ಮೈ ಕಾಯಿಸಿಕೊಳ್ಳುವುದು ದುಬಾರಿ. ಹಾಗಾಗಿ ತಂಪು ರಾತ್ರಿ ಕಳೆದ ಮೇಲೆ ಮರದ ತುದಿಗೆ ಬಂದು ಬಿಸಿಲು ಕಾಯುತ್ತದೆ. ನಮಗೆ ಅದೇ ಹೊತ್ತು ಒಳ್ಳೆಯದು. ಬಿಸಿಲು ಏರಿದ ಮೇಲೆ ಎಲೆಗಳ ಒಳಗೆ ಸೇರಿಕೊಂಡರೆ ಗೈಡ್‌ಗೂ ಕಷ್ಟ.

ನಮ್ಮ ಗೈಡ್ ಹೆಗಲ ಮೇಲೆ ಟ್ರೈಪಾಡ್ ಸಮೇತ ದೊಡ್ಡ ದೂರದರ್ಶಕ ಹೊತ್ತಿದ್ದ. ಒಳಗೆ ಹೋಗುತ್ತಿದ್ದ ಹಾಗೇ ಮಗಳಿಗೆ ಹೇಳಿದ, "ಪ್ರಾಣಿ ಹುಡುಕಬೇಡ. ಕೊಂಬೆ ಕವಲೊಡೆಯುವ ಕಡೆ ಉಂಡೆಯಂಥದ್ದು ಏನಿದೆ ನೋಡು." ಇಡೀ ಬೆಳಗಿನಲ್ಲಿ ನಾನು ಕೇಳಿದ ಅತಿ ಉಪಯೋಗದ ಮಾತು ಇದು. ಮುಖ, ಕೈಕಾಲು ಹುಡುಕಿದರೆ ಏನೂ ಕಾಣುವುದಿಲ್ಲ. ಉಂಡೆ ಹುಡುಕಿದರೆ ಕಾಣುತ್ತದೆ. ತೊಂದರೆ ಏನಂದ್ರೆ ಆ ಕಾಡಿನಲ್ಲಿ ಮರದ ಮೇಲೆ ಗೆದ್ದಲಿನ ಗೂಡುಗಳೂ ಬೇಕಾದಷ್ಟಿವೆ. ಅವೂ ಕಂದು, ಅವೂ ಗುಂಡಗೆ. ಅಮ್ಮ ಭಾರೀ ಖುಷಿಯಿಂದ ಒಂದು ಗೂಡು ತೋರಿಸಿದರು. ಅವರ ಬೆರಳು ನೋಡಿ ಹಿಂದೆ ಬರುತ್ತಿದ್ದ ಜರ್ಮನ್ ಗುಂಪೊಂದು ನಿಂತು ಕ್ಯಾಮೆರಾ ತೆಗೆಯಿತು. "ಸುಮ್ನೆ ಇರು, ಅವರೂ ಸ್ವಲ್ಪ ಹೊತ್ತು ನೋಡಲಿ" ಅಂದರು ಅಮ್ಮ, ಕನ್ನಡದಲ್ಲಿ.

ಸ್ಲಾತ್ ಅಂದರೆ ಗ್ವಾರುಮೋ ಮರ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ತೆಳ್ಳನೆಯ ಬಿಳಿ ಕಾಂಡ, ತುದಿಯಲ್ಲಿ ಮಾತ್ರ ದೊಡ್ಡ ಸೀಳೆಲೆ, ಟೊಳ್ಳು ಕಾಂಡದೊಳಗೆ ಇರುವೆಗಳ ಸಂಸಾರ. ಇದು ಅರ್ಧ ಸತ್ಯ. ಸ್ಲಾತ್ ಇನ್ನೂ ಎಷ್ಟೋ ಜಾತಿಯ ಮರಗಳ ಎಲೆ ತಿನ್ನುತ್ತದೆ. ಗ್ವಾರುಮೋದಲ್ಲಿ ಎಲೆ ಕಮ್ಮಿ, ಹಾಗಾಗಿ ಅಲ್ಲಿ ಕೂತದ್ದು ನಮ್ಮ ಕಣ್ಣಿಗೆ ಬೀಳುತ್ತದೆ ಅಷ್ಟೆ. ದಟ್ಟ ಮರಗಳಲ್ಲಿ ಇರುವುದನ್ನು ತೋರಿಸುವವನೇ ನಿಜವಾದ ಗೈಡ್. ನಮಗೆ ಮೊದಲು ಸಿಕ್ಕಿದ್ದೂ ಅಂಥದ್ದೇ.

ಬರಿಗಣ್ಣಿಗೆ ಅದು ಒದ್ದೆ ತೆಂಗಿನ ನಾರನ್ನು ಯಾರೋ ಕವಲಿಗೆ ತುರುಕಿಟ್ಟ ಹಾಗಿತ್ತು. ದೂರದರ್ಶಕಕ್ಕೆ ಕಣ್ಣಿಟ್ಟೆ. ಬೆನ್ನು ನಮ್ಮ ಕಡೆಗಿತ್ತು. ಭುಜಗಳ ನಡುವೆ ಕಿತ್ತಳೆ ಹಳದಿಯ ಮಚ್ಚೆ, ನಟ್ಟನಡುವೆ ಕಪ್ಪು ಗೆರೆ. ಮೂರು ಬೆರಳಿನ ಸ್ಲಾತ್‌ಗಳಲ್ಲಿ ಈ ಮಚ್ಚೆ ಇದ್ದರೆ ಅದು ಗಂಡು. ಕೂದಲು ಹೊಟ್ಟೆಯ ಕಡೆಯಿಂದ ಬೆನ್ನಿನ ಕಡೆಗೆ ಬೆಳೆದಿತ್ತು. ತಲೆಕೆಳಗಾಗಿ ನೇತಾಡುವಾಗ ಮಳೆನೀರು ಇಳಿದುಹೋಗಬೇಕಲ್ವಾ? ಅಲ್ಲಲ್ಲಿ ಹಸಿರು ಛಾಯೆ, ಅದು ಕೂದಲಲ್ಲೇ ಬೆಳೆದ ಪಾಚಿ. ಅಷ್ಟರಲ್ಲಿ ಅದು ಒಂದು ಕೈ ಎತ್ತಿ ಪಕ್ಕೆ ಕೆರೆದುಕೊಳ್ಳಲು ಶುರು ಮಾಡಿತು. ಉದ್ದನೆಯ ಮೂರು ಉಗುರು ಬಾಚಣಿಗೆಯ ಹಾಗೆ ಕೂದಲನ್ನು ಬಿಡಿಸುತ್ತಾ ಇಳಿದವು. ಒಂದು ಸಣ್ಣ ಪತಂಗ ಹೊರಗೆ ಬಂದು, ಒಂದೆರಡು ಇಂಚು ನಡೆದು, ಮತ್ತೆ ಕೂದಲೊಳಗೆ ಹೋಯಿತು.

ಆ ಪತಂಗದ ಕಥೆಯನ್ನು ಗೈಡ್ ಹೇಳಿದ. ಅದು ಇರುವುದೇ ಸ್ಲಾತ್ ಮೈಮೇಲೆ. ಸ್ಲಾತ್ ವಾರಕ್ಕೊಮ್ಮೆ ಮಾತ್ರ ಮರದಿಂದ ಇಳಿದು ಬುಡದಲ್ಲಿ ಕಕ್ಕಸು ಮಾಡುತ್ತದೆ. ಆಗ ಹೆಣ್ಣು ಪತಂಗ ಕೆಳಗೆ ಹಾರಿ ಹಸಿ ಹಿಕ್ಕೆಯಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳ ಅದನ್ನೇ ತಿಂದು ಬೆಳೆದು, ರೆಕ್ಕೆ ಬಂದ ಮೇಲೆ ಸ್ಲಾತ್ ಹುಡುಕಿಕೊಂಡು ಮರದ ಮೇಲಕ್ಕೆ ಹಾರುತ್ತದೆ. ಮಗಳು ಮೂಗು ಮುಚ್ಚಿಕೊಂಡಳು. ಆದರೆ ರಾತ್ರಿ ಅಪ್ಪನಿಗೆ ಫೋನ್‌ನಲ್ಲಿ ಮೊದಲು ಹೇಳಿದ್ದು ಇದನ್ನೇ.

ದೂರದರ್ಶಕದ ಬಗ್ಗೆ ಒಂದೆರಡು ಮಾತು. ಟ್ರೈಪಾಡ್ ಮುಟ್ಟಬೇಡಿ, ಸ್ವಲ್ಪ ಅಲ್ಲಾಡಿದರೂ ಸ್ಲಾತ್ ಮಾಯ. ಕನ್ನಡಕ ಹಾಕುವವರು ತೆಗೆಯಬೇಕಾಗಿಲ್ಲ. ಕಣ್ಣಿಡುವ ಕಡೆಯ ರಬ್ಬರ್ ಬಳೆಯನ್ನು ತಿರುಗಿಸಿ ಒಳಗೆ ತಳ್ಳಲು ಹೇಳಿ. ಅಮ್ಮನಿಗೆ ಮೊದಲು ಬರೀ ಕಪ್ಪು ಕಾಣುತ್ತಿತ್ತು, ಬಳೆ ತಳ್ಳಿದ ಮೇಲೆ "ಅಯ್ಯೋ, ನಗ್ತಾ ಇದೆಯಲ್ಲೇ!" ಅಂದರು. ಅದು ನಗುವಲ್ಲ, ಮುಖದ ಬಣ್ಣದ ಗೆರೆ ಹಾಗಿದೆ. ಅಮ್ಮನಿಗೆ ಹೇಳಲು ಹೋಗಲಿಲ್ಲ. ಫೋಟೋವನ್ನು ಗೈಡ್ ಕೈಗೇ ಬಿಡಿ. ಫೋನ್ ಕ್ಯಾಮೆರಾವನ್ನು ದೂರದರ್ಶಕಕ್ಕೆ ಹೊಂದಿಸುವುದರಲ್ಲಿ ಅವರ ಕೈ ಪಳಗಿರುತ್ತದೆ.

ತಿಂಡಿ ಒಳಗೆ ಬಿಡುವುದಿಲ್ಲ, ಗೇಟಿನಲ್ಲಿ ಬ್ಯಾಗ್ ತೆಗೆದು ನೋಡುತ್ತಾರೆ. ಅಮ್ಮನ ಕೋಡುಬಳೆ ಕಾರಿನಲ್ಲೇ ಉಳಿಯಿತು. ಬೀಚಿನಲ್ಲಿ ಬಿಳಿಮುಖದ ಕಪುಚಿನ್ ಕೋತಿಗಳು ಜಿಪ್ ಎಳೆದು ಬ್ಯಾಗ್ ಶೋಧಿಸುವುದನ್ನು ನೋಡಿದ ಮೇಲೆ ಈ ನಿಯಮ ಸರಿ ಅನ್ನಿಸಿತು. ಅಲ್ಲೇ ಮಂಜಾನಿಯೋ ಅನ್ನುವ ಮರಗಳೂ ಇವೆ, ಸಣ್ಣ ಸೇಬಿನಂಥ ಕಾಯಿ. ಕಾಯಿ ವಿಷ, ಹಾಲು ತಗುಲಿದರೆ ಬೊಬ್ಬೆ. ಮಳೆ ಬಂದರೆ ಅದರ ಕೆಳಗೆ ನಿಲ್ಲಲೇಬಾರದು. ಮಕ್ಕಳಿಗೆ ಮೊದಲೇ ಹೇಳಿರಿ.

ಸ್ಲಾತ್ ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳಬಹುದು ಅಂತ ಯಾರಾದರೂ ಕರೆದರೆ ಹೋಗಬೇಡಿ. ಕಾಡುಪ್ರಾಣಿಗಳ ಜೊತೆ ಸೆಲ್ಫಿ ಬೇಡ ಅಂತ ಅಲ್ಲಿನ ಸರ್ಕಾರ 2019ರಲ್ಲೇ ಪ್ರಚಾರ ಶುರು ಮಾಡಿತು. 2021ರಲ್ಲಿ ಸ್ಲಾತನ್ನು ರಾಷ್ಟ್ರೀಯ ಲಾಂಛನಗಳಲ್ಲಿ ಸೇರಿಸಿತು. ನಮ್ಮ ಕಡೆ ಕಾಡುಪಾಪನನ್ನು ಹಿಡಿದು ಮಾಟ ಮಂತ್ರಕ್ಕೆ ಬಳಸುವುದನ್ನು ಕೇಳಿದವರಿಗೆ, ಪಾಪದ ಪ್ರಾಣಿಗೆ ಮನುಷ್ಯನ ಕೈ ಎಂಥದ್ದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಬೆರಳಿನ ಸ್ಲಾತ್ ಕೂಡ ಅದೇ ಕಾಡಿನಲ್ಲಿದೆ. ಮೈಬಣ್ಣ ಸ್ವಲ್ಪ ತಿಳಿ, ಮೂಗು ದಪ್ಪ. ಹಗಲೆಲ್ಲಾ ಮುದುಡಿ ಮಲಗುವುದರಿಂದ ನಮಗೆ ಕಂಡಿದ್ದು ಬರೀ ಕೂದಲು. ಅದು ಓಡಾಡುವುದನ್ನು ನೋಡಬೇಕಾದರೆ ರಾತ್ರಿ ನಡಿಗೆಗೆ ಹೋಗಬೇಕು. ಉದ್ಯಾನ ರಾತ್ರಿ ಮುಚ್ಚಿರುತ್ತದೆ, ಆದರೆ ಹತ್ತಿರದ ಕೆಪೋಸ್ ಪಟ್ಟಣದ ಸುತ್ತಮುತ್ತಲ ಖಾಸಗಿ ಕಾಡುಗಳಲ್ಲಿ ಕರೆದುಕೊಂಡು ಹೋಗುತ್ತಾರೆ. ಬೂಟು, ಉದ್ದ ಪ್ಯಾಂಟು ಕಡ್ಡಾಯ, ಹಾವುಗಳಿವೆ. ಅಮ್ಮ ಹಾವಿನ ಹೆಸರು ಕೇಳಿ ರೂಮಿನಲ್ಲೇ ಉಳಿದರು. ನಾನೂ ಮಗಳೂ ಹೋದೆವು. ಹಗಲು ಒಂದು ಕೊಂಬೆ ದಾಟಲು ಯುಗ ತಗೊಂಡ ಪ್ರಾಣಿಯನ್ನು ನೋಡಿ ಬಂದಿದ್ದ ನಮಗೆ, ಈ ಎರಡು ಬೆರಳಿನದು ಬಳ್ಳಿ ಹಿಡಿದು ಸರಸರ ಹೋಗಿದ್ದು ನೋಡಿ ಆಶ್ಚರ್ಯವೋ ಆಶ್ಚರ್ಯ. "ಇದು ಸೋಮಾರಿ ಅಲ್ಲ, ಅಲ್ವಾ?" ಅಂದಳು ಮಗಳು. ಗೈಡ್ ಆಗಲೇ ಟಾರ್ಚ್ ತಗ್ಗಿಸಿ ಎಲೆಯ ಮೇಲಿದ್ದ ಕೆಂಪುಕಣ್ಣಿನ ಕಪ್ಪೆಯೊಂದನ್ನು ತೋರಿಸುತ್ತಿದ್ದ.