ಗೇರುಬೀಜ ಕಾರ್ಖಾನೆಯಲ್ಲಿ ಯಂತ್ರಗಳೇ ಕೆಲಸ ಹಂಚಿಕೊಳ್ಳುವಂತೆ ಮಾಡುವುದು

ಕಾರ್ಕಳದ ಕಡೆಯ ಗೇರುಬೀಜ ಕಾರ್ಖಾನೆಗೆ ಶುರುವಿಗೆ ಎರಡು ಬಗೆಯ ಸಾಫ್ಟ್‌ವೇರ್ ಏಜೆಂಟ್ (ತಾನಾಗಿ ನಿರ್ಧರಿಸುವ ಪ್ರೋಗ್ರಾಂ) ಸಾಕು: ಯಂತ್ರಕ್ಕೊಂದು, ಲಾಟಿಗೊಂದು (ಲಾಟ್ ಎಂದರೆ ಒಟ್ಟಿಗೆ ಸಾಗುವ ಬೀಜದ ಕಂತು). ಲಾಟಿನ ಏಜೆಂಟ್ ಟೆಂಡರ್ ಕರೆಯುತ್ತದೆ, ಯಂತ್ರದ ಏಜೆಂಟ್‌ಗಳು ದರ ಹೇಳುತ್ತವೆ, ಒಳ್ಳೆಯ ದರಕ್ಕೆ ಕೆಲಸ. 1980ರಲ್ಲಿ ಕಂಪ್ಯೂಟರ್ ವಿಜ್ಞಾನಿ ರೀಡ್ ಸ್ಮಿತ್ ವಿವರಿಸಿದ ಕಾಂಟ್ರ್ಯಾಕ್ಟ್ ನೆಟ್ ವಿಧಾನ ಇದೇ.

ದರವೆಂದರೆ ಇಲ್ಲಿ ರೂಪಾಯಿಯಲ್ಲ, ಕೆಲಸ ಮುಗಿಯುವ ಹೊತ್ತು. ಬೋರ್ಮಾದಲ್ಲಿ (ಒಣಗಿಸುವ ಬಿಸಿಗೂಡು) ತಿರುಳು ಸುಮಾರು 70 ಡಿಗ್ರಿಯಲ್ಲಿ 6ರಿಂದ 8 ಗಂಟೆ ಒಣಗುತ್ತದೆ. ಹೊರತೆಗೆದ ಟ್ರೇ ಆಷಾಢದ ಗಾಳಿಯಲ್ಲಿ ಸರದಿಗೆ ಕಾಯುತ್ತ ಕೂತರೆ ಸಿಪ್ಪೆ ತೇವ ಹೀರಿ ತಿರುಳಿಗೆ ಅಂಟಿಕೊಳ್ಳುತ್ತದೆ. ಸುಲಿಯುವಾಗ ಇಡೀ ಬೀಜ ತುಂಡಾಗುತ್ತದೆ. ಆದ್ದರಿಂದ ಸುಲಿಯುವ ಯಂತ್ರ ಖಾಲಿಯಾಗುವ ಹೊತ್ತನ್ನೂ ಬೋರ್ಮಾದ ದರಕ್ಕೆ ಸೇರಿಸಲೇಬೇಕು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಹೆಚ್ಚಾಗಿ ಎಡವುವುದು ಒಂದೇ ಬೋರ್ಮಾ ಎರಡು ಲಾಟಿಗೆ ದರ ಹೇಳಿ, ಎರಡೂ ಅದನ್ನೇ ಆರಿಸಿದಾಗ. ಟೆಂಡರ್ ಗಡುವು 2 ಸೆಕೆಂಡ್ ಇಡಿ. ದರ ಹೇಳಿದ ಯಂತ್ರ ಆ ಜಾಗವನ್ನು 5 ಸೆಕೆಂಡ್ ಕಾದಿರಿಸಲಿ, ಅಷ್ಟರಲ್ಲಿ ಕೆಲಸ ಸಿಗದಿದ್ದರೆ ತಾನೇ ಬಿಟ್ಟುಕೊಡಲಿ.

ಸಂದೇಶಕ್ಕೆ ಎಂಕ್ಯುಟಿಟಿ (ಬ್ರೋಕರ್ ಎಂಬ ನಡುವಿನ ಸರ್ವರ್ ಮೂಲಕ ಸಂದೇಶ ಸಾಗಿಸುವ ವಿಧಾನ), ಅದರಲ್ಲಿ ಕ್ಯುಒಎಸ್ 1 ಮಟ್ಟ (ಸಂದೇಶ ಕನಿಷ್ಠ ಒಮ್ಮೆ ತಲುಪುವ ಖಾತರಿ). ಇದರಲ್ಲಿ ಒಂದೇ ಸಂದೇಶ ಎರಡು ಸಲ ಬರಬಹುದು; ಲಾಟ್ ನಂಬರ್ ನೋಡಿ ಎರಡನೆಯದನ್ನು ಬಿಡಿ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ಕೀಪ್-ಅಲೈವ್ (ಯಂತ್ರ 'ಇದ್ದೇನೆ' ಎಂದು ತಿಳಿಸುತ್ತಿರಬೇಕಾದ ಅಂತರ) 10 ಸೆಕೆಂಡ್ ಇಟ್ಟು, ಸಂಪರ್ಕ ತಪ್ಪಿದರೆ ಕಳಿಸಬೇಕಾದ 'ಲಾಸ್ಟ್ ವಿಲ್' ಸಂದೇಶವನ್ನು ಮೊದಲೇ ಬರೆದಿಟ್ಟರೆ, ಯಂತ್ರ ಸದ್ದಿಲ್ಲದೆ ನಿಂತರೂ ಸುಮಾರು 15 ಸೆಕೆಂಡಿನಲ್ಲಿ ಬ್ರೋಕರ್ ಎಲ್ಲರಿಗೂ ತಿಳಿಸುತ್ತದೆ. ಬ್ರೋಕರ್‌ಗೆ ಯುಪಿಎಸ್ ಕೊಡಿ.

ಬೋರ್ಮಾದ ಅತಿತಾಪ ಕಟ್‌ಆಫ್ ಮತ್ತು ತುರ್ತು ನಿಲುಗಡೆಯನ್ನು ಏಜೆಂಟ್‌ಗೆ ಒಪ್ಪಿಸಬೇಡಿ. ಅವು ನೇರ ವೈರಿಂಗ್‌ನಲ್ಲೇ ಇರಲಿ.