ಸುತ್ತಿಗೆ ಏಟು, ಕಣ್ಣೊಳಗೆ ಉಳಿದ ಕಬ್ಬಿಣ

ಬೆಳಗಾವಿ ಉದ್ಯಮಬಾಗದ ಫೌಂಡ್ರಿ, ಇಳಕಲ್ಲಿನ ಕಲ್ಲುಗಣಿ, ಹೊಲದಲ್ಲಿ ರೋಟವೇಟರ್ ಪಿನ್ ಬಡಿದು ತೆಗೆಯುವ ಕೆಲಸ. ಇಂಥ ಕಡೆಯಿಂದ ಬಂದವರಿಗೆ ಒಂದೇ ಕಣ್ಣು ಮಂಜಾಗಿದ್ದರೆ ನಾನು ಮೊದಲು ಕೇಳುವುದು, "ಹಿಂದ ಯಾವಾಗರೆ ಕಬ್ಬಿಣ ಬಡಿಯೂಮುಂದ ಕಣ್ಣಿಗೆ ಏನರೆ ಸಿಡಿದಿತ್ತೇನ್ರಿ?" ಎಷ್ಟೋ ಸಲ ಬರುವ ಉತ್ತರ, "ಸಿಡಿದಿತ್ರಿ, ಸಂಜೀಕ ಆರಾಮ ಆತು." ಆ ಆರಾಮವನ್ನು ನಾನು ನಂಬುವುದಿಲ್ಲ.

ಗ್ರೈಂಡರ್ ಕಿಡಿ ಸಾಮಾನ್ಯವಾಗಿ ಕಣ್ಣಿನ ಮೇಲೇ ಅಂಟಿಕೊಂಡು ಚುಚ್ಚುತ್ತದೆ, ನೋವೇ ಆಸ್ಪತ್ರೆಗೆ ಕರೆತರುತ್ತದೆ. ಅಣಬೆಯಂತೆ ಅರಳಿದ ಚಾಣದ ತಲೆಯಿಂದ ಹಾರುವ ಚೂರು ಹಾಗಲ್ಲ. ವೇಗ ಹೆಚ್ಚು, ಅಂಚು ಚೂಪು. ಕಣ್ಣನ್ನು ತೂರಿ ಒಳಗೆ ಕೂರುತ್ತದೆ. ಮಿಲಿಮೀಟರಿನಷ್ಟು ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ಆ ದಿನ ದೃಷ್ಟಿ 6/6, ಅಂದರೆ ಪೂರ್ತಿ ಸರಿ, ಇರಲೂಬಹುದು. ಮುಂದೆ ವಾರಗಳಿಂದ ವರ್ಷಗಳವರೆಗೆ ಕಬ್ಬಿಣ ಕರಗುತ್ತ ಮಸೂರ, ಪಾಪೆಯ ಸ್ನಾಯು, ಅಕ್ಷಿಪಟಲಗಳಲ್ಲಿ ಸೇರಿ ಜೀವಕೋಶಗಳನ್ನು ಸುಡುತ್ತದೆ. ಇದೇ ಸಿಡೆರೋಸಿಸ್.

ಪುಸ್ತಕಗಳಲ್ಲಿ ಪಾಪೆಯ ಸುತ್ತಲಿನ ಬಣ್ಣ ತುಕ್ಕಿನಂತಾಗುತ್ತದೆ ಎಂದಿರುತ್ತದೆ. ನಮ್ಮವರ ಕಣ್ಣು ಮೊದಲೇ ಕಂದು, ಆ ಬದಲಾವಣೆ ಸುಲಭವಾಗಿ ತಪ್ಪಿಹೋಗುತ್ತದೆ. ಹಾಗಾಗಿ ನಾನು ಪಾಪೆ ನೋಡುತ್ತೇನೆ: ಒಂದು ದೊಡ್ಡದು, ಟಾರ್ಚ್ ಬೆಳಕಿಗೆ ಕುಗ್ಗುವುದಿಲ್ಲ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನಲ್ಲಿ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸಣ್ಣ ಕಲೆ, ಹಿಂಬೆಳಕು ಹಾಯಿಸಿದಾಗ ಐರಿಸಿನಲ್ಲಿ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಕೆಂಪಗೆ ಹೊಳೆಯುವ ತೂತು, ಮಸೂರದ ಮುಂಪೊರೆಯ ಕೆಳಗೆ ಕಂದು ಚುಕ್ಕೆಗಳನ್ನು ಹುಡುಕುತ್ತೇನೆ. ರಾತ್ರಿ ಕಾಣುವುದು ಕಡಿಮೆಯಾಗಿದೆಯೇ ಎಂದೂ ಕೇಳುತ್ತೇನೆ.

ಇಲ್ಲೊಂದು ಅಪಾಯವಿದೆ. ದೊಡ್ಡದಾದ ಪಾಪೆ ಕಂಡು, ನರದ ತೊಂದರೆ ಎಂದುಕೊಂಡು ಮೆದುಳಿನ ಎಂಆರ್‌ಐ ಬರೆದುಬಿಟ್ಟರೆ, ಆ ಆಯಸ್ಕಾಂತ ಚೂರನ್ನು ಎಳೆದು ಕಣ್ಣನ್ನೇ ಹರಿಯಬಲ್ಲದು. ಲೋಹದ ಶಂಕೆಯಿದ್ದರೆ ಮೊದಲು ಸಿಟಿ ಸ್ಕ್ಯಾನ್. ಚೀಟಿಯಲ್ಲಿ "ಕಣ್ಣುಗುಳಿ, 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಪದರ" ಎಂದೇ ಬರೆಯುತ್ತೇನೆ, ತಲೆಯ ಮಾಮೂಲಿ ದಪ್ಪ ಪದರದ ಸಿಟಿಯಲ್ಲಿ ಸಣ್ಣ ಚೂರು ಜಾರಿಹೋಗುತ್ತದೆ. ಎಕ್ಸ್‌ರೇ ಸರಿಯಿದೆ ಎಂಬ ಮಾತ್ರಕ್ಕೆ ಸುಮ್ಮನಾಗುವುದಿಲ್ಲ. ಚಿಕ್ಕ ವಯಸ್ಸಿನ ಕೆಲಸಗಾರನಿಗೆ ಒಂದೇ ಕಣ್ಣಿಗೆ ಪೊರೆ ಬಂದಿದ್ದರೂ ಶಸ್ತ್ರಚಿಕಿತ್ಸೆಗೆ ಮೊದಲು ಇದೇ ಕ್ರಮ.

ಗಾಯ ಹೊಸದಾಗಿದ್ದರೆ ಕಣ್ಣು ಒತ್ತಬಾರದು, ಮುಲಾಮು ಹಚ್ಚಬಾರದು, ಊರಲ್ಲಿ ಕಣ್ಣಿನ ಕಸ ತೆಗೆಯುವವರ ಬಳಿ ಹೋಗಬಾರದು. ಗಟ್ಟಿ ಶೀಲ್ಡ್ ಕಟ್ಟಿ, ಟೆಟನಸ್ ಚುಚ್ಚುಮದ್ದು ಕೊಟ್ಟು, ಅದೇ ದಿನ ರೆಟಿನಾ ಸರ್ಜನ್ ಬಳಿಗೆ ಕಳಿಸುತ್ತೇನೆ. ತಡವಾದಷ್ಟೂ ಸೋಂಕಿನ ಭಯ. ಚೂರು ಹಿಂಭಾಗದಲ್ಲಿದ್ದರೆ ವಿಟ್ರೆಕ್ಟಮಿ (ಕಣ್ಣೊಳಗಿನ ಲೋಳೆ ತೆಗೆಯುವ ಶಸ್ತ್ರಚಿಕಿತ್ಸೆ) ಮಾಡಿ ಚಿಮಟಿಗೆ ಅಥವಾ ಆಯಸ್ಕಾಂತದಿಂದ ತೆಗೆಯುತ್ತಾರೆ. ಹಳೆಯ ಚೂರು ತನ್ನ ಸುತ್ತ ಪದರ ಕಟ್ಟಿಕೊಂಡು ಸುಮ್ಮನಿದ್ದರೆ ಇಆರ್‌ಜಿ (ಬೆಳಕಿಗೆ ಅಕ್ಷಿಪಟಲ ಕೊಡುವ ವಿದ್ಯುತ್ ಸಂಕೇತದ ಪರೀಕ್ಷೆ) ಮಾಡಿಸುತ್ತ ಕಾಯುವುದೂ ಉಂಟು. ಅದರಲ್ಲಿ ಬಿ-ಅಲೆ ಎಂಬ ಅಲೆ ಕುಗ್ಗತೊಡಗಿದರೆ ಇನ್ನು ಕಾಯುವಂತಿಲ್ಲ. ಬೇಗ ತೆಗೆದರೆ ಆ ಅಲೆ ಸ್ವಲ್ಪ ಚೇತರಿಸಿಕೊಳ್ಳಬಹುದು, ಆದರೆ ಪಾಪೆ ದೊಡ್ಡದಾಗಿಯೇ ಉಳಿಯಬಹುದು. ಕಣ್ಣೊಳಗಿನ ನೀರು ಹೊರಹರಿಯುವ ಜಾಲದಲ್ಲೂ ಕಬ್ಬಿಣ ಕೂತಿರುವ ಕಾರಣ ಕಣ್ಣಿನ ಒತ್ತಡವನ್ನು ಆಮೇಲೂ ಅಳೆಯುತ್ತಿರಬೇಕು.